ಸರ್ನ್ ಚಿತ್ರದ ಬಣ್ಣದ ಗೆರೆಗಳು: ಫೋಟೋನಾ, ಕಟ್ಟುಕಥೆಯಾ?

ನಡುವಿನಿಂದ ಸುತ್ತಲೂ ಸಿಡಿಯುವ ಹಳದಿ, ಹಸಿರು ಗೆರೆಗಳ ಚಿತ್ರವೊಂದು ಆಗಾಗ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ. ಕೆಲವರು ಅದರ ಕೆಳಗೆ ‘ಸರ್ನ್ ವಿಜ್ಞಾನಿಗಳು ಬೇರೆ ಲೋಕದ ಬಾಗಿಲು ತೆರೆದರು’ ಎಂದು ಬರೆದಿರುತ್ತಾರೆ. ಇನ್ನು ಕೆಲವರು ‘ಅದು ಫೋಟೋನೇ ಅಲ್ಲ, ಕಂಪ್ಯೂಟರಿನಲ್ಲಿ ಬಿಡಿಸಿದ್ದು, ಎಲ್ಲಾ ಸುಳ್ಳು’ ಎನ್ನುತ್ತಾರೆ. ಮೊದಲನೆಯದು ಪೂರ್ತಿ ಕಟ್ಟುಕಥೆ. ಎರಡನೆಯದರಲ್ಲಿ ಅರ್ಧ ನಿಜವಿದೆ, ಅದಕ್ಕೇ ಅದನ್ನು ನಂಬುವವರು ಹೆಚ್ಚು.

ಹೌದು, ಅದು ಫೋಟೋ ಅಲ್ಲ. ಜಿನೀವಾ ಬಳಿ ನೆಲದಡಿಯ 27 ಕಿ.ಮೀ. ಸುತ್ತಳತೆಯ ಸುರಂಗದಲ್ಲಿ ಪ್ರೋಟಾನ್‌ಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಆಗ ಹೊಮ್ಮುವ ಕಣಗಳು ಸುತ್ತಲೂ ಪದರ ಪದರವಾಗಿ ಜೋಡಿಸಿದ ತೆಳು ಸಿಲಿಕಾನ್ ಪಟ್ಟಿಗಳನ್ನು ತೂರಿಕೊಂಡು ಹೋಗುತ್ತವೆ. ವಿದ್ಯುದಂಶವಿರುವ ಕಣ ತೂರಿದ ಕಡೆ ಒಂದು ಸಣ್ಣ ವಿದ್ಯುತ್ ಸಂಕೇತ ಹುಟ್ಟುತ್ತದೆ. ಸಿಗುವುದು ಅಷ್ಟೇ, ಬರೀ ಚುಕ್ಕೆಗಳು. ಹತ್ತಾರು ಚುಕ್ಕಿ ರಂಗೋಲಿಗಳನ್ನು ಒಂದರ ಮೇಲೊಂದು ಹಾಕಿ, ಎಳೆಗಳನ್ನೆಲ್ಲ ಅಳಿಸಿದರೆ ಹೇಗಿರುತ್ತದೋ ಹಾಗೆ. ಯಾವ ಚುಕ್ಕೆ ಯಾವ ಎಳೆಯದು?

ಬಬಲ್ ಚೇಂಬರ್ ಕಾಲದಲ್ಲಿ ಇದನ್ನು ಮನುಷ್ಯರೇ ಹುಡುಕುತ್ತಿದ್ದರು. ಆಗ ಕಣದ ದಾರಿಯುದ್ದಕ್ಕೂ ಏಳುವ ಗುಳ್ಳೆಗಳ ಸಾಲನ್ನು ನಿಜವಾಗಿಯೂ ಫೋಟೋ ತೆಗೆಯುತ್ತಿದ್ದರು. ಲಕ್ಷಗಟ್ಟಲೆ ಫೋಟೋಗಳನ್ನು ಮೇಜಿನ ಮೇಲೆ ಹರಡಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದವರಲ್ಲಿ ಹೆಚ್ಚಿನವರು ಮಹಿಳೆಯರು. ಅವರ ಹೆಸರು ಎಲ್ಲೂ ಕೇಳಿಬರುವುದಿಲ್ಲ ಎನ್ನುವುದು ಬೇರೆ ಮಾತು. ಈ ಕೆಲಸವನ್ನು ಯಂತ್ರಕ್ಕೆ ಕಲಿಸಲು ಪಾಲ್ ಹಫ್ ಒಂದು ಉಪಾಯ ಕಂಡುಹಿಡಿದು, 1962ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಪ್ರತಿ ಚುಕ್ಕೆಯೂ ತನ್ನ ಮೂಲಕ ಹಾದುಹೋಗಬಹುದಾದ ಎಲ್ಲ ಗೆರೆಗಳಿಗೂ ಒಂದೊಂದು ಮತ ಹಾಕುತ್ತದೆ. ಹೆಚ್ಚು ಮತ ಬಿದ್ದ ಗೆರೆಯೇ ಕಣದ ದಾರಿ. ರಸ್ತೆಯ ಬಿಳಿಪಟ್ಟಿ ಗುರುತಿಸುವ ಕಾರಿನ ಕ್ಯಾಮೆರಾಗಳಿಗೂ ಈ ಲೆಕ್ಕ ಬಳಕೆಯಾಗಿದೆ.

ಇಂದು ಸರ್ನ್‌ನಲ್ಲಿ ಮುಖ್ಯವಾಗಿ ಬಳಸುವುದು ಕಾಲ್ಮನ್ ಫಿಲ್ಟರ್. ಮೊದಲ ಎರಡು ಮೂರು ಚುಕ್ಕೆ ನೋಡಿ ಮುಂದಿನ ಪದರದಲ್ಲಿ ಕಣ ಎಲ್ಲಿ ತೂರಿರಬೇಕು ಎಂದು ಊಹಿಸುವುದು, ಅಲ್ಲಿ ಸಿಕ್ಕ ಚುಕ್ಕೆಗೆ ತಕ್ಕಂತೆ ಊಹೆಯನ್ನು ತಿದ್ದುವುದು, ಮತ್ತೆ ಮುಂದಿನ ಪದರ. ಅಪೊಲೊ ನೌಕೆಗಳು ಚಂದ್ರನ ಕಡೆ ದಾರಿ ಹಿಡಿದದ್ದೂ ಇದೇ ಲೆಕ್ಕದಿಂದ. ಗೆರೆಗಳು ಬಾಗಿರುವುದಕ್ಕೆ ಕಾರಣ ಕಾಂತ. ಸಂವೇಗ ಹೆಚ್ಚಿರುವ ಕಣ ಕಡಿಮೆ ಬಾಗುತ್ತದೆ, ಸಂವೇಗ ಕಡಿಮೆಯಿರುವುದು ಹೆಚ್ಚು.

ಸಾಫ್ಟ್‌ವೇರ್ ತಪ್ಪಾಗಿ ಜೋಡಿಸಿದರೆ? ಜೋಡಿಸುತ್ತದೆ. ಎರಡು ಕಣಗಳ ಚುಕ್ಕೆಗಳು ಬೆರೆತು, ಇಲ್ಲದ ಕಣದ ಗೆರೆ ಹುಟ್ಟುವುದುಂಟು. ಆದ್ದರಿಂದ ಉತ್ತರ ಮೊದಲೇ ಗೊತ್ತಿರುವ ಕೃತಕ ಡಿಕ್ಕಿಗಳನ್ನು ಅದಕ್ಕೆ ಕೊಟ್ಟು, ಎಷ್ಟು ಗೆರೆ ತಪ್ಪಿತು ಎಂದು ಎಣಿಸುತ್ತಾರೆ. ಅಷ್ಟೂ ಸಾಲದೆಂದು ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಎರಡು ಬೇರೆ ಬೇರೆ ಶೋಧಕಗಳಿವೆ. 2012ರ ಜುಲೈ 4ರಂದು ಹಿಗ್ಸ್ ಕಣದ ಸುದ್ದಿ ಹೊರಬಂದಾಗ ಎರಡೂ ತಂಡಗಳು ಪ್ರತ್ಯೇಕವಾಗಿ ಹುಡುಕಿ, ಒಂದೇ ಕಡೆ ಬಂದು ತಲುಪಿದ್ದವು.

ಬಣ್ಣ ಮಾತ್ರ ಚಿತ್ರ ಬಿಡಿಸುವವರ ಆಯ್ಕೆ. ಮೂಲ ಚಿತ್ರಗಳ ಮೂಲೆಯಲ್ಲಿ ಸಾಮಾನ್ಯವಾಗಿ ಪ್ರಯೋಗದ ಹೆಸರು, ದಿನಾಂಕ ಮತ್ತು ಆ ಡಿಕ್ಕಿಯ ಸಂಖ್ಯೆ ಇರುತ್ತದೆ. ಮುಂದಿನ ಸಲ ಇಂಥ ಫಾರ್ವರ್ಡ್ ಬಂದಾಗ ಆ ಮೂಲೆ ಉಳಿದಿದೆಯೇ, ಕತ್ತರಿ ಬಿದ್ದಿದೆಯೇ ನೋಡಿ.