ಹಕ್ಕಿಗೆ ಪಾಸ್‌ಪೋರ್ಟ್ ಬೇಡ, ಕೆರೆಗೆ ಏಳು ಇಲಾಖೆ ಬೇಕು!

ಮಾಗಡಿ ಕೆರೆಗೆ ಜಾಗತಿಕ ಪಟ್ಟ ಸಿಕ್ಕಿತು. ಪಟ್ಟಕ್ಕೆ ತಕ್ಕ ಕಾವಲು ಯಾರದು?

ಗದಗ: ಹಿಮಾಲಯ ದಾಟಿ ಬರುವ ಈ ಅತಿಥಿಗಳಿಗೆ ವೀಸಾ ಇಲ್ಲ, ಟಿಕೇಟಿಲ್ಲ, ಚಿಲ್ಲರೆ ಕೊಡಿ ಅನ್ನೋ ಕಂಡಕ್ಟರನ ಕಾಟ ಮೊದಲೇ ಇಲ್ಲ. ಚಳಿ ಬಿದ್ದರೆ ಸಾಕು, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬಂದು ಇಳಿದೇ ಬಿಡ್ತಾವೆ. ಪಟ್ಟೆತಲೆ ಹೆಬ್ಬಾತು ಅಂತ ಇವುಗಳ ಹೆಸರು. ಬಿಳಿ ತಲೆ, ಅದರ ಮೇಲೆ ಎರಡು ಕರೀ ಪಟ್ಟಿ. ಮರಿ ಮಾಡೋದು ಮಂಗೋಲಿಯಾ, ಟಿಬೆಟ್, ಲಡಾಖದ ಕಡೆ. ಚಳಿಗಾಲ ಕಳೆಯೋದು ನಮ್ಮ ಶೇಂಗಾ ಹೊಲದ ಬದಿ!

ದಾರಿಯಲ್ಲಿ 7 ಸಾವಿರ ಮೀಟರಿಗೂ ಎತ್ತರದಲ್ಲಿ ಹಾರಿದ್ದನ್ನು ವಿಜ್ಞಾನಿಗಳು ಯಂತ್ರ ಕಟ್ಟಿ ಅಳೆದಿದ್ದಾರೆ. ಕುತ್ತಿಗೆಗೆ ಮಂಗೋಲಿಯಾದ ಗುರುತುಪಟ್ಟಿ ತೊಟ್ಟ ಹೆಬ್ಬಾತುಗಳು ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲೂ ಕಂಡಿವೆ. ಅಷ್ಟು ದೂರದಿಂದ ಬರೋ ಹಕ್ಕಿಗೆ ದಾರಿ ಗೊತ್ತು. ಕೆರೆ ಕಾಯಬೇಕಾದ ಕಚೇರಿಗಳಿಗೆ ಒಂದರಿಂದ ಇನ್ನೊಂದಕ್ಕೆ ದಾರಿ ಗೊತ್ತೇ? ಪ್ರಶ್ನೆ ಇರೋದು ಇಲ್ಲೇ.

ಪಟ್ಟ ಬಂದ ಬಗೆ

2024ರ ಜನವರಿ ಕೊನೆಗೆ ಕೇಂದ್ರ ಸರಕಾರ ದೇಶದ ಐದು ಜೌಗು ತಾಣಗಳು ರಾಮ್ಸರ್ ಪಟ್ಟಿಗೆ ಸೇರಿದವು ಅಂತ ಸಾರಿತು. ಐದರಲ್ಲಿ ಮೂರು ನಮ್ಮ ರಾಜ್ಯದವೇ: ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಅದಕ್ಕೂ ಮುಂಚೆ, 2022ರಲ್ಲಿ, ರಂಗನತಿಟ್ಟು ಸೇರಿತ್ತು. ದೇಶದ ಲೆಕ್ಕ ಅವತ್ತಿಗೆ 80ಕ್ಕೆ ಮುಟ್ಟಿತು.

ರಾಮ್ಸರ್ ಅಂದರೆ ಇರಾನ್ ದೇಶದಲ್ಲಿ ಕ್ಯಾಸ್ಪಿಯನ್ ಸಮುದ್ರದ ದಂಡೆಯ ಒಂದು ಊರು. 1971ರ ಫೆಬ್ರವರಿ 2ರಂದು ಅಲ್ಲಿ ಕೂತು ಹಲವು ದೇಶಗಳು ಜೌಗು, ಕೆರೆ, ಅಳಿವೆ ಉಳಿಸೋಣ ಅಂತ ಒಪ್ಪಂದ ಮಾಡಿಕೊಂಡವು. ಭಾರತ ಅದಕ್ಕೆ ಸೇರಿದ್ದು 1982ರಲ್ಲಿ.

ಮಾಗಡಿ ಕೆರೆ ದೊಡ್ಡದೇನಲ್ಲ. ಸುಮಾರು 54 ಹೆಕ್ಟೇರ್, ನಮ್ಮ ಲೆಕ್ಕದಾಗ 134 ಎಕರೆ. ಅಘನಾಶಿನಿಯ 4,801 ಹೆಕ್ಟೇರ್ ಮುಂದೆ ಇದು ಅಂಗೈಯಷ್ಟು. ಆದರೂ ಸರಕಾರದ ದಾಖಲೆಯಂತೆ ಇಲ್ಲಿ 166ಕ್ಕೂ ಹೆಚ್ಚು ಜಾತಿ ಹಕ್ಕಿ ಕಂಡಿವೆ, ಅದರಲ್ಲಿ 130 ವಲಸೆ ಬರುವಂಥವು. ಚಳಿಗಾಲದಲ್ಲಿ ಸುಮಾರು 8 ಸಾವಿರ ಹೆಬ್ಬಾತು ಸೇರ್ತಾವೆ. ಜಗತ್ತಿನಲ್ಲಿ ಈ ಜಾತಿಯ ಹಕ್ಕಿ ಇರೋದೇ ಲಕ್ಷದ ಆಸುಪಾಸು ಅನ್ನೋದು ತಜ್ಞರ ಅಂದಾಜು.

ಎಣಿಕೆಯೇ ಸಾಕ್ಷಿ

'ಹಕ್ಕಿ ಎಣಿಸಿ ಏನು ಬರ್ತದ್ರೀ?' ಅಂತ ಬಸ್ಸಿನಲ್ಲಿ ಯಾರಾದರೂ ಕೇಳಬಹುದು. ಬರೋದು ಇಷ್ಟೇ: ಯಾವುದೇ ನೀರ್ಹಕ್ಕಿ ಜಾತಿಯ ಒಟ್ಟು ಸಂಖ್ಯೆಯಲ್ಲಿ ನೂರಕ್ಕೊಂದು ಪಾಲು ಒಂದೇ ಕೆರೆಯಲ್ಲಿ ಕಾಯಂ ಸೇರ್ತದೆ ಅಂತ ತೋರಿಸಿದರೆ, ಆ ಕೆರೆ ಜಾಗತಿಕ ಪಟ್ಟಿಗೆ ಅರ್ಹ. ರಾಮ್ಸರ್ ಒಪ್ಪಂದದ ಅಳತೆಗೋಲುಗಳಲ್ಲಿ ಇದೂ ಒಂದು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾ ಖಂಡದ ಉದ್ದಗಲಕ್ಕೂ ನೀರ್ಹಕ್ಕಿ ಗಣತಿ ನಡೀತಾ ಬಂದಿದೆ. ಬೆಳಗಿನ ಜಾವ ದುರ್ಬೀನು ಹಿಡಿದು ಕೆರೆ ಏರಿ ಮೇಲೆ ಕೂತು, ಸಂಬಳವಿಲ್ಲದೆ ಎಣಿಸುವ ಉಮೇದುವಾರರ ಲೆಕ್ಕವೇ ದಿಲ್ಲಿಯ ಫೈಲಿಗೆ ಬಲ. ವಿಜ್ಞಾನ ಅನ್ನೋದು ಪ್ರಯೋಗಾಲಯದಲ್ಲೇ ಇರಬೇಕಂತಿಲ್ಲ. ಕೆರೆ ದಂಡೆಯಲ್ಲೂ ಇರ್ತದೆ.

ಏಳು ಮನೆ ಒಂದು ಬಾವಿ

ಈಗ ಅಸಲು ಕತೆಗೆ ಬರೋಣ. ನಮ್ಮ ಸೀಮೆಯ ಯಾವುದೇ ಕೆರೆ ತಗೊಳ್ಳಿ. ಜಮೀನು ಕಂದಾಯ ಇಲಾಖೆಯದು. ಏರಿ, ತೂಬು, ಕಾಲುವೆ ನೀರಾವರಿಯವರದು. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿದ್ದರೆ ಅದು ಜಿಲ್ಲಾ ಪಂಚಾಯತಿ ಪಾಲು. ಮೀನು ಮೀನುಗಾರಿಕೆ ಇಲಾಖೆಯದು. ಹಕ್ಕಿ ಅರಣ್ಯ ಇಲಾಖೆಯದು. ಸುತ್ತಲಿನ ಬೆಳೆಗೆ ಕೃಷಿ ಇಲಾಖೆ. ಊರ ಚರಂಡಿ ನೀರು ಕೆರೆಗೆ ಬಿದ್ದರೆ ಪಂಚಾಯತಿ ಉತ್ತರ ಕೊಡಬೇಕು, ಮಾಲಿನ್ಯ ಹೆಚ್ಚಿದರೆ ನಿಯಂತ್ರಣ ಮಂಡಳಿ ಬರಬೇಕು. ಎಣಿಸಿ ನೋಡಿ, ಏಳಾಯಿತು!

ಏಳು ಜನ ಒಡೆಯರಿರೋ ಎತ್ತು ಹಸಿವಿನಿಂದಲೇ ಇರ್ತದೆ. ಒಬ್ಬರು ಹೂಳು ತೆಗೆಯಬೇಕು ಅಂತಾರೆ. ಹಕ್ಕಿ ಬಂದ ಕಾಲದಲ್ಲಿ ಜೇಸಿಬಿ ಇಳಿಸಬೇಡಿ ಅಂತ ಇನ್ನೊಬ್ಬರು. ನೀರು ತೂಬಿನಿಂದ ಬಿಡಬೇಕು ಅಂತ ಅಚ್ಚುಕಟ್ಟಿನವರು, ಕೆರೆಯಲ್ಲೇ ನಿಲ್ಲಲಿ ಅಂತ ಹಕ್ಕಿಯವರು. ಇಬ್ಬರದೂ ತಪ್ಪಲ್ಲ. ಕೂಡಿ ಕೂತು ತಿಂಗಳ ಲೆಕ್ಕ ಹಾಕಿದರೆ ಎರಡೂ ಆಗ್ತದೆ. ಬೇಸಿಗೆಗೆ ಹೂಳು, ಚಳಿಗೆ ಹಕ್ಕಿ. ಆದರೆ ಕೂಡಿ ಕೂರಿಸೋರು ಯಾರು?

ಕಾನೂನಿನಲ್ಲಿ ಇದಕ್ಕೆ ಉತ್ತರ ಐತಿ. 2017ರ ಜೌಗು ಪ್ರದೇಶ ನಿಯಮಗಳ ಪ್ರಕಾರ ಪ್ರತಿ ರಾಜ್ಯದಲ್ಲೂ ಒಂದು ಪ್ರಾಧಿಕಾರ ಇರಬೇಕು. ಮಂತ್ರಿ ಅಧ್ಯಕ್ಷರು, ಮುಖ್ಯ ಕಾರ್ಯದರ್ಶಿ ಉಪಾಧ್ಯಕ್ಷರು. ಕಂದಾಯ, ನೀರಾವರಿ, ಮೀನುಗಾರಿಕೆ, ಪ್ರವಾಸೋದ್ಯಮ ಎಲ್ಲ ಇಲಾಖೆ ಕಾರ್ಯದರ್ಶಿಗಳು ಒಂದೇ ಮೇಜಿನ ಸುತ್ತ. ಜತೆಗೆ ಜಲವಿಜ್ಞಾನ, ಮೀನು, ಜೌಗು ಪರಿಸರ ಬಲ್ಲ ತಜ್ಞರು. ಮೇಲಿನ ಮೇಜು ಹಾಗಾಯಿತು. ಕೆಳಗೆ? ಮಾಗಡಿ ಕೆರೆ ಸಂರಕ್ಷಣಾ ಮೀಸಲು ಪ್ರದೇಶವೂ ಹೌದು. ವನ್ಯಜೀವಿ ಕಾಯ್ದೆ ಪ್ರಕಾರ ಇಂಥ ಮೀಸಲಿಗೆ ಒಂದು ನಿರ್ವಹಣಾ ಸಮಿತಿ ಬೇಕು. ಅದರಲ್ಲಿ ಗ್ರಾಮ ಪಂಚಾಯತಿ ಪ್ರತಿನಿಧಿ, ಸ್ವಯಂಸೇವಾ ಸಂಸ್ಥೆಯ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯವರು ಇರಬೇಕು. ಅಂದರೆ ಊರಿನ ಮನುಷ್ಯನಿಗೂ ಕುರ್ಚಿ ಉಂಟು!

ಐವತ್ತು ಮೀಟರಿನ ಗುಟ್ಟು

2017ರ ನಿಯಮ ಏನೇನು ಬೇಡ ಅನ್ನುತ್ತೆ? ಒತ್ತುವರಿ ಬೇಡ, ಕಾರ್ಖಾನೆ ಬೇಡ, ಕಸ ಸುರಿಯೋದು ಬೇಡ, ಹೊಲಸು ನೀರು ಹಾಗೇ ಬಿಡೋದು ಬೇಡ, ಬೇಟೆ ಬೇಡ. ಹತ್ತು ವರ್ಷದಲ್ಲಿ ನೀರು ಏರಿದ ಮಟ್ಟದ ಸರಾಸರಿ ಹಿಡಿದು, ಆ ಗೆರೆಯಿಂದ 50 ಮೀಟರ್ ಒಳಗೆ ಕಾಯಂ ಕಟ್ಟಡ ಬೇಡ.

ಇಲ್ಲೇ ಒಂದು ಗುಟ್ಟಿದೆ. ನಮ್ಮದು ಬರದ ಸೀಮೆ. ಬರ ಬಿದ್ದ ವರ್ಷಗಳೇ ಹೆಚ್ಚಾದರೆ ಸರಾಸರಿ ಗೆರೆ ತಾನೇ ಕೆಳಗೆ ಇಳೀತದೆ, ನಿಷೇಧದ ಬೇಲಿಯೂ ಅದರ ಹಿಂದೆ ಕೆರೆಯೊಳಗೆ ಸರೀತದೆ. ಮುಂದೊಂದು ವರ್ಷ ಜೋರು ಮಳೆ ಬಂದಾಗ ನೀರು ಯಾರ ಪಡಸಾಲೆಗೆ ನುಗ್ಗುತ್ತೆ ಹೇಳಿ? ಹಾಗಾಗಿ ಕೆರೆಯಲ್ಲಿ ಅಳತೆ ಕಂಬ ನೆಟ್ಟು ವರ್ಷ ವರ್ಷ ಮಟ್ಟ ಬರೆದಿಡಬೇಕು. ಕಡಿಮೆ ಖರ್ಚಿನ, ದೊಡ್ಡ ಕಾಯಕದ ಕೆಲಸ ಅದು.

ಗೆರೆ ಎಳೆಯೋ ಕೆಲಸಕ್ಕೆ ಸುಪ್ರೀಂ ಕೋರ್ಟೂ ಚಾಟಿ ಬೀಸಿದೆ. ಇಸ್ರೋದ ಉಪಗ್ರಹ ಕೇಂದ್ರ ಮೊದಲು 2,01,503 ಜೌಗು ತಾಣ ಗುರುತಿಸಿತ್ತು, 2021ರ ನಕಾಶೆಯಲ್ಲಿ 2,31,195. ಎಲ್ಲವೂ 2.25 ಹೆಕ್ಟೇರಿಗಿಂತ ದೊಡ್ಡವು. ಆಕಾಶದಿಂದ ಕಂಡದ್ದನ್ನು ನೆಲದ ಮೇಲೆ ನಿಂತು ಪರೀಕ್ಷಿಸಿ, ಗಡಿ ಗುರುತಿಸಿ, ಮೂರು ತಿಂಗಳಲ್ಲಿ ಮುಗಿಸಿ ಅಂತ 2024ರ ಡಿಸೆಂಬರಿನಲ್ಲಿ ಕೋರ್ಟು ರಾಜ್ಯಗಳಿಗೆ ಹೇಳಿತು. ರಾಮ್ಸರ್ ತಾಣಗಳ ಮೇಲೆ ಆಯಾ ಹೈಕೋರ್ಟು ಕಣ್ಣಿಡಲಿ ಅಂತಲೂ ಹೇಳಿತು.

ಉಳಿದ ಕೆರೆಗಳ ಗತಿ?

ಇನ್ನೊಂದು ತೊಡಕು. ನೀರಾವರಿಗೆಂದೇ ಕಟ್ಟಿದ ಕೆರೆ, ಕುಡಿಯೋ ನೀರಿಗೆಂದೇ ಕಟ್ಟಿದ ಕೆರೆ ಈ ನಿಯಮದ ಲೆಕ್ಕಕ್ಕೇ ಬರೋದಿಲ್ಲ! ಮಾಗಡಿ ಕೆರೆಯನ್ನೂ ಕಟ್ಟಿದ್ದು ಮಳೆ ನೀರು ಹಿಡಿದು ಹೊಲಕ್ಕೆ ಹಾಯಿಸಲಿಕ್ಕೇ. ರಾಮ್ಸರ್ ಪಟ್ಟಿ ಸೇರಿದ್ದರಿಂದ ಅದು ಬಚಾವಾಯಿತು. ಸುತ್ತಲ ಹಳ್ಳಿಗಳ ಉಳಿದ ಕೆರೆಗಳಿಗೆ ಆ ಭಾಗ್ಯವಿಲ್ಲ. ಹೆಬ್ಬಾತು ಫಲಕ ಓದಿ ಇಳಿಯೋ ಹಕ್ಕಿಯಲ್ಲ. ಮಾಗಡಿ ಬತ್ತಿದ ವರ್ಷ ಪಕ್ಕದ ಕೆರೆ ಹುಡುಕ್ತದೆ, ಅದೂ ಕಸದ ಗುಂಡಿಯಾಗಿದ್ದರೆ ಮುಂದಿನ ಜಿಲ್ಲೆಗೆ ಹೋಗ್ತದೆ. ಒಂದೇ ಕೆರೆ ಕಾದರೆ ಒಂದೇ ಅಂಗಡಿಗೆ ಬೀಗ ಹಾಕಿ ಪೇಟೆಯೆಲ್ಲ ಕಾದೆ ಅಂದ ಹಾಗೆ.

ರೈತನ ಮಾತೂ ಕೇಳಬೇಕು. ಹಗಲು ಕೆರೆಯಲ್ಲಿ ತೇಲೋ ಹೆಬ್ಬಾತು ಸಂಜೆಗತ್ತಲಿಗೆ ಹೊಲಕ್ಕಿಳಿದು ಎಳೆ ಪೈರು, ಉದುರಿದ ಶೇಂಗಾ ಮೇಯುತ್ತೆ. ಹಿಕ್ಕೆ ಗೊಬ್ಬರ ಆಗ್ತದೆ ಅನ್ನೋದು ನಿಜ, ಪೈರು ಹೋದವನ ಹೊಟ್ಟೆ ಉರಿಯೋದೂ ನಿಜ. ಅತಿಥಿ ಜಗತ್ತಿನವನು, ಊಟದ ಖರ್ಚು ಮಾತ್ರ ಮಾಗಡಿಯವನದು ಅಂದರೆ ನ್ಯಾಯವೇ? ಸಮಿತಿಯ ಮೇಜಿನ ಮೇಲೆ ಮೊದಲು ಬರಬೇಕಾದ ಕಾಗದ ಇದು.

ಆಗದ ಮಾತೇನಲ್ಲ

ಒಡಿಶಾದ ಚಿಲಿಕಾ ಸರೋವರ ನೋಡಿ. ಹೂಳು ತುಂಬಿ, ಸಮುದ್ರದ ಬಾಯಿ ಕಟ್ಟಿ, ಮೀನು ಕಡಿಮೆಯಾಗಿ, 1993ರಲ್ಲಿ ಅಪಾಯದ ಪಟ್ಟಿಗೆ ಸೇರಿತ್ತು. ಒಂದೇ ಪ್ರಾಧಿಕಾರದ ಕೈಗೆ ಹೊಣೆ ಕೊಟ್ಟರು, ನೀರಿನ ವಿಜ್ಞಾನಿಗಳಿಂದ ಲೆಕ್ಕ ಹಾಕಿಸಿದರು, 2000ದಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆದರು. ಮೀನು ಮರಳಿತು, ಮೀನುಗಾರನ ಬುಟ್ಟಿ ತುಂಬಿತು, 2002ರಲ್ಲಿ ಹೆಸರು ಅಪಾಯದ ಪಟ್ಟಿಯಿಂದ ಹೊರಬಿತ್ತು. ಇಲಾಖೆಗಳು ವಿಜ್ಞಾನದ ಮಾತು ಕೇಳಿ ಒಟ್ಟಿಗೆ ನಡೆದರೆ ಕೆರೆಯಷ್ಟೇ ಅಲ್ಲ, ಪೇಟೆಯ ವ್ಯಾಪಾರವೂ ಏಳ್ತದೆ. ಹಕ್ಕಿ ನೋಡಲು ಬರೋ ಮಂದಿ ಚಹಾ ಕುಡಿಯೋದು, ಮಿರ್ಚಿ ತಿನ್ನೋದು ಶಿರಹಟ್ಟಿ, ಲಕ್ಷ್ಮೇಶ್ವರದ ಅಂಗಡಿಗಳಲ್ಲೇ ಅಲ್ಲವೇ?

ರಾಮ್ಸರ್ ಫಲಕದ ಜತೆ ಪೊಲೀಸ್ ಪೇದೆ ಬರೋದಿಲ್ಲ. ಕಾವಲು ಈ ಜಿಲ್ಲೆಯದೇ. ಏಳು ಇಲಾಖೆ ಒಂದು ದಿನ ಜೀಪು ಬಿಟ್ಟು ಒಂದೇ ಬಸ್ಸು ಹತ್ತಿ ಮಾಗಡಿಗೆ ಬರಲಿ: ಶಿರಹಟ್ಟಿಯಿಂದ 8 ಕಿಲೋಮೀಟರ್, ಲಕ್ಷ್ಮೇಶ್ವರದಿಂದ 11. ಮಂಗೋಲಿಯಾದಿಂದ ಬರೋ ಹಕ್ಕಿಗಿಂತ ದೂರವೇನಲ್ಲ!