ಪ್ಲಾಸ್ಟಿಕ್ ಹಾಳೆ: ಅಲ್ಲಿಗೆ ಸರಿ, ಇಲ್ಲಿಗೆ?

ತೇವ ತಾಗಿದರೆ ಮಾತ್ರೆ ಕೆಡುತ್ತದೆ, ಅದಕ್ಕೇ ಅದನ್ನು ಸ್ಟ್ರಿಪ್‌ನಲ್ಲಿ ಮುಚ್ಚಿಡುತ್ತಾರೆ. ಆಸ್ಪತ್ರೆಯ ಔಷಧ ವಿಭಾಗದವರಾದ ನಮಗೆ ಇದು ದಿನದ ಪಾಠ. ಗೋಡೆಗೂ ಇದೇ ಮಾತು. ಆದರೆ ತೇವ ಯಾವ ಕಡೆಯಿಂದ ಬರುತ್ತದೆ ಎಂದು ಮೊದಲು ನೋಡಬೇಕು.

ವಿದ್ಯಾರಣ್ಯ ಕನ್ನಡ ಕೂಟವಿರುವ ಶಿಕಾಗೋ, ಪಂಪ ಕನ್ನಡ ಕೂಟವಿರುವ ಡೆಟ್ರಾಯಿಟ್ ಕಡೆ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ. ಮನೆಯೊಳಗಿನ ಅಡುಗೆ, ಸ್ನಾನದ ಆವಿ ಮರದ ಚೌಕಟ್ಟಿನ ಗೋಡೆಯೊಳಗೆ ನುಗ್ಗಿ, ತಣ್ಣನೆಯ ಹೊರಹಲಗೆಗೆ ತಾಗಿ ನೀರಾಗುತ್ತದೆ, ಮರ ಕೊಳೆಯುತ್ತದೆ. ಹಾಗಾಗಿ ಒಳಗಿನ ಜಿಪ್ಸಮ್ ಹಲಗೆಯ ಹಿಂದೆ, ಬೆಚ್ಚಗಿನ ಬದಿಗೆ, ಸುಮಾರು 0.15 ಮಿ.ಮೀ. ದಪ್ಪದ ಪಾಲಿಥೀನ್ ಹಾಳೆ ಹೊದಿಸುವ ರೂಢಿ ಬಂತು. ಸಂದುಗಳಿಗೆ ಟೇಪ್ ಹಚ್ಚಲೇಬೇಕು. ಸಣ್ಣ ತೂತಿನಿಂದ ನುಸುಳುವ ಗಾಳಿಯೂ ಬಹಳ ಆವಿ ಹೊತ್ತೊಯ್ಯುತ್ತದೆ.

ಅಲ್ಲಿಯೂ ಬೇಸಿಗೆಯಲ್ಲಿ ಸೆಕೆ. ಎ.ಸಿ. ಹಾಕಿದಾಗ ಹೊರಗಿನ ತೇವ ಹಾಳೆಯ ಬೆನ್ನಿಗೆ ಕೂತು ಒಣಗದೆ ಉಳಿಯಬಹುದು. ಅದಕ್ಕೇ ಕೆಲವರು ತೇವ ನಿಧಾನವಾಗಿ ಒಣಗಲು ಬಿಡುವ ಕ್ರಾಫ್ಟ್ ಕಾಗದವನ್ನೇ ಮೆಚ್ಚುತ್ತಾರೆ.

ನಮ್ಮ ಗಲ್ಫ್‌ನಲ್ಲಿ ಆಗಸ್ಟ್ ತಿಂಗಳೆಂದರೆ ತೇವ ಹೊರಗೆ, ತಂಪು ಒಳಗೆ. ತಡೆ ಇರಬೇಕಾದದ್ದು ಹೊರಬದಿಗೆ. ಬೂಷ್ಟು ಮರೆಮಾಡಲು ಒಳಗೋಡೆಗೆ ಪ್ಲಾಸ್ಟಿಕ್ ವಾಲ್‌ಪೇಪರ್ ಅಂಟಿಸಿದರೆ ಬೂಷ್ಟು ಅದರ ಹಿಂದೆಯೇ ಬೆಳೆಯುತ್ತದೆ. ನಾಲ್ಕಾರು ಜನ ಮಲಗುವ ಕೋಣೆಯಲ್ಲಿ ಇದು ಗೋಡೆಯ ಅಂದದ ಮಾತಲ್ಲ. ಆಸ್ತಮಾ ಇರುವವರ ಉಸಿರಿನ ಮಾತು.

ಎ.ಸಿ. ಸುತ್ತಲಿನ ಸಂದು ಮುಚ್ಚಿಸೋಣ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡೋಣ. ಒದ್ದೆ ಬಟ್ಟೆಯನ್ನು ಕೋಣೆಯಲ್ಲಿ ಒಣಹಾಕದಿರೋಣ. ಉಬ್ಬಸ ಹೆಚ್ಚಿದರೆ, ಇನ್‌ಹೇಲರ್ ಜೊತೆಗೆ ಗೋಡೆಯ ಬೂಷ್ಟಿನ ವಿಷಯವನ್ನೂ ವೈದ್ಯರಿಗೆ ಹೇಳೋಣ.