ಹಾಗಲಕಾಯಿಗೂ ಒಂದು ಹಬ್ಬ: ಒಕಿನಾವಾದ ಊರು, ಊಟ

ಜಪಾನೀ ಭಾಷೆಯಲ್ಲಿ ಐದಕ್ಕೆ ‘ಗೋ’ ಎನ್ನುತ್ತಾರೆ. ಎಂಟಕ್ಕೆ ‘ಯಾ’ ಎಂಬ ಉಚ್ಚಾರವೂ ಉಂಟು. ಹಾಗಾಗಿ ಐದನೇ ತಿಂಗಳ ಎಂಟನೇ ದಿನ, ಅಂದರೆ ಮೇ 8, ಅಲ್ಲಿ ‘ಗೋಯಾ ದಿನ’. ಗೋಯಾ ಎಂದರೆ ಬೇರೇನಲ್ಲ, ತಟ್ಟೆಯಲ್ಲಿ ಕಂಡರೆ ನಮ್ಮ ಮಕ್ಕಳು ಮೂಗು ಮುರಿಯುವ ಹಾಗಲಕಾಯಿ! ಅದಕ್ಕೊಂದು ದಿನವನ್ನೇ ಮೀಸಲಿಟ್ಟ ನಾಡು ಒಕಿನಾವಾ.

ಜಪಾನ್ ಎಂದರೆ ಹಿಮ ಹೊದ್ದ ಫ್ಯೂಜಿ ಪರ್ವತ ನೆನಪಾಗುತ್ತದೆ. ಒಕಿನಾವಾ ಅದಕ್ಕೆ ತದ್ವಿರುದ್ಧ. ಟೋಕಿಯೊದಿಂದ ನೈರುತ್ಯಕ್ಕೆ ವಿಮಾನದಲ್ಲಿ ಮೂರು ಗಂಟೆಯ ಹಾದಿ. ತೈವಾನೇ ಇದಕ್ಕೆ ಹತ್ತಿರ. ರಾಜಧಾನಿ ನಾಹಾ ಇರುವುದು ಹೆಚ್ಚುಕಡಿಮೆ ನಮ್ಮ ಗುವಾಹಟಿಯ ಅಕ್ಷಾಂಶದಲ್ಲಿ. ಕಬ್ಬಿನ ಗದ್ದೆ, ದಾಸವಾಳ, ಹವಳದ ದಿಬ್ಬ, ಬೇಸಿಗೆಯ ಕೊನೆಗೆ ಬೀಸುವ ಚಂಡಮಾರುತ ಇಲ್ಲಿನ ಗುರುತು. ಜಪಾನಿನ ಬೇರೆಡೆ ಮಾರ್ಚ್ ಕೊನೆಗೆ ಅರಳುವ ಚೆರ್ರಿ ಹೂ ಇಲ್ಲಿ ಜನವರಿಯಲ್ಲೇ ಅರಳುತ್ತದೆ.

ಮತ್ತೆ ಮತ್ತೆ ಸುಟ್ಟ ಕೋಟೆ

1429ರಿಂದ 1879ರವರೆಗೆ ಇದು ‘ರ್‍ಯೂಕ್ಯೂ’ ಎಂಬ ಪ್ರತ್ಯೇಕ ರಾಜ್ಯವಾಗಿತ್ತು. ಚೀನಾ, ಜಪಾನ್, ಆಗ್ನೇಯ ಏಷ್ಯಾಗಳ ನಡುವೆ ಹಡಗು ಓಡಿಸಿ ಬಾಳಿದ ರಾಜ್ಯ. ಅದರ ಅರಮನೆಯೇ ನಾಹಾದ ಗುಡ್ಡದ ಮೇಲಿನ ಶುರಿ ಕೋಟೆ. 1945ರ ಯುದ್ಧದಲ್ಲಿ ಅದು ನಾಶವಾಯಿತು. 1992ರಲ್ಲಿ ಮತ್ತೆ ಕಟ್ಟಿದರು. 2019ರ ಅಕ್ಟೋಬರ್ 31ರ ಬೆಳಗಿನ ಜಾವ ಬೆಂಕಿ ಬಿದ್ದು ಕೆಂಪು ಬಣ್ಣದ ಮುಖ್ಯ ಮಂದಿರ ಬೂದಿಯಾಯಿತು. ಊರಿನವರು ಎದೆಗುಂದಲಿಲ್ಲ. 2026ಕ್ಕೆ ಮುಗಿಸುವ ಗುರಿಯಿಟ್ಟು ಮತ್ತೆ ಕಟ್ಟಲು ಹೊರಟರು. ಬಡಗಿಗಳ ಕೆಲಸವನ್ನು ಪ್ರವಾಸಿಗರು ನಿಂತು ನೋಡಲೂ ಅನುಕೂಲ ಮಾಡಿದರು.

1945ರ ಆ ಯುದ್ಧ ಮೂರು ತಿಂಗಳು ನಡೆಯಿತು. ದ್ವೀಪದ ದಕ್ಷಿಣ ತುದಿಯ ಶಾಂತಿ ಉದ್ಯಾನದ ಕಲ್ಲುಗಳ ಮೇಲೆ ಸತ್ತ 2 ಲಕ್ಷದ 40 ಸಾವಿರಕ್ಕೂ ಹೆಚ್ಚು ಜನರ ಹೆಸರು ಕೆತ್ತಲಾಗಿದೆ. ಜಪಾನೀಯರು, ಅಮೆರಿಕನ್ನರು ಎಂಬ ಭೇದವಿಲ್ಲ. ಅನಂತರ 1972ರವರೆಗೆ ಇಲ್ಲಿ ಅಮೆರಿಕದ ಆಡಳಿತ. ಆಗ ವಾಹನಗಳು ರಸ್ತೆಯ ಬಲಗಡೆ ಓಡುತ್ತಿದ್ದವು. 1978ರ ಜುಲೈ 30ರಂದು ಬೆಳಗಾಗುವಷ್ಟರಲ್ಲಿ ಇಡೀ ನಾಡು ಎಡಗಡೆಗೆ ಬದಲಾಯಿತು!

ಕೆಳಗೆ ಮೀನು, ಮೇಲೆ ಅಡುಗೆ

ಊಟ ಹುಡುಕಿ ಹೊರಟವರು ಮೊದಲು ಹೋಗಬೇಕಾದದ್ದು ನಾಹಾದ ಮಕಿಶಿ ಮಾರುಕಟ್ಟೆಗೆ. ನೆಲಮಹಡಿಯಲ್ಲಿ ನೀಲಿ, ಕೆಂಪು ಬಣ್ಣದ ಮೀನುಗಳು. ಬೇಕಾದದ್ದನ್ನು ಕೊಂಡು ಮೇಲಿನ ಮಹಡಿಯ ಹೋಟೆಲಿಗೆ ಕೊಟ್ಟರೆ ಬೇಯಿಸಿ ಬಡಿಸುತ್ತಾರೆ. ಅಲ್ಲೇ ‘ಸಮುದ್ರದ ದ್ರಾಕ್ಷಿ’ ಸಿಗುತ್ತದೆ. ಹಣ್ಣಲ್ಲ, ಪುಟ್ಟ ಹಸಿರು ಮಣಿ ಪೋಣಿಸಿದಂಥ ಕಡಲಪಾಚಿ. ಬಾಯಲ್ಲಿ ಪಟಪಟನೆ ಒಡೆದು ಉಪ್ಪುನೀರು ಚಿಮ್ಮುತ್ತದೆ. ಇದನ್ನು ಫ್ರಿಜ್ಜಿನಲ್ಲಿಟ್ಟರೆ ಸೊರಗಿಹೋಗುತ್ತದೆ.

ಹಾಗಲಕಾಯಿಗೆ ಬರೋಣ. ‘ಗೋಯಾ ಚಂಪುರು’ ಇಲ್ಲಿನ ಮನೆಮನೆಯ ಪಲ್ಯ. ಚಂಪುರು ಎಂದರೆ ಕಲಬೆರಕೆ. ಹಾಗಲಕಾಯಿ ಸೀಳಿ, ಬೀಜ ತೆಗೆದು, ತೆಳ್ಳಗೆ ಹೆಚ್ಚಿ ಉಪ್ಪು ಸವರುತ್ತಾರೆ. ಬಿಟ್ಟ ನೀರನ್ನು ಹಿಂಡಿ, ಹುರಿದ ತೋಫು, ಮೊಟ್ಟೆ, ಹಂದಿಮಾಂಸದ ಜೊತೆ ಬಾಡಿಸುತ್ತಾರೆ. ಉಪ್ಪು ಹಾಕಿ ಕಹಿ ಹಿಂಡುವ ಜಾಣತನ ನಮ್ಮ ಅಜ್ಜಿಯರದ್ದೂ ಹೌದಲ್ಲ! ತುಪ್ಪದ ಹೀರೆಕಾಯಿಯನ್ನು ಇವರು ಸೋಯಾದ ಹುದುಗು ಹಿಟ್ಟಾದ ಮೀಸೋ ಹಾಕಿ ಬೇಯಿಸುತ್ತಾರೆ.

ಈ ಹಾಗಲಕಾಯಿ ಬಹುಕಾಲ ದ್ವೀಪ ಬಿಟ್ಟು ಹೊರಗೆ ಹೋಗುವಂತಿರಲಿಲ್ಲ. ಕಾಯಿಯೊಳಗೆ ಮೊಟ್ಟೆಯಿಡುವ ಒಂದು ನೊಣ ಜಪಾನಿನ ಉಳಿದೆಡೆಗೂ ಹರಡೀತೆಂಬ ಭಯ. ವಿಜ್ಞಾನಿಗಳು ಈ ನೊಣಗಳನ್ನು ಸಾಕಿ, ವಿಕಿರಣದಿಂದ ಸಂತಾನಶಕ್ತಿ ಕಳೆದು, ಅಪಾರ ಸಂಖ್ಯೆಯಲ್ಲಿ ಹೊರಬಿಟ್ಟರು. ಅವುಗಳ ಜೊತೆ ಕೂಡಿದ ಹೆಣ್ಣು ನೊಣಗಳ ಮೊಟ್ಟೆ ಮರಿಯಾಗಲಿಲ್ಲ. 1993ರ ಹೊತ್ತಿಗೆ ಒಕಿನಾವಾದಲ್ಲಿ ಆ ನೊಣವೇ ಇಲ್ಲವಾಯಿತು. ಆಮೇಲೆ ಗೋಯಾ ಇಡೀ ಜಪಾನಿನ ಅಡುಗೆಮನೆ ಸೇರಿತು.

ಹೆಸರಿಗಾಗಿ ಹೋರಾಟ

ಜಪಾನಿನಲ್ಲಿ ‘ಸೋಬಾ’ ಎಂದರೆ ಬಕ್‌ವೀಟ್ ಎಂಬ ಧಾನ್ಯದ ಶಾವಿಗೆ. ಒಕಿನಾವಾ ಸೋಬಾದಲ್ಲಿ ಅದು ಇಲ್ಲವೇ ಇಲ್ಲ, ಬರೀ ಗೋಧಿ. ಬಿಸಿ ಸಾರಿನಲ್ಲಿ ದಪ್ಪ ಶಾವಿಗೆ, ಮೇಲೆ ಬೆಂದ ಹಂದಿಮಾಂಸ. 1976ರಲ್ಲಿ ಸರ್ಕಾರಿ ಆಯೋಗವೊಂದು ‘ಇದನ್ನು ಸೋಬಾ ಎನ್ನುವಂತಿಲ್ಲ’ ಎಂದು ತಕರಾರು ತೆಗೆಯಿತು. ತಲೆಮಾರುಗಳಿಂದ ಕರೆದ ಹೆಸರನ್ನು ಬಿಡಲು ಜನ ಒಪ್ಪಲಿಲ್ಲ. 1978ರ ಅಕ್ಟೋಬರ್ 17ರಂದು ಹೆಸರಿಗೆ ಮನ್ನಣೆ ಸಿಕ್ಕಿತು. ಆ ದಿನವೇ ಈಗ ‘ಒಕಿನಾವಾ ಸೋಬಾ ದಿನ’.

ಗೆಣಸು, ಬೆಲ್ಲ

ಚಂಡಮಾರುತ ಪೈರನ್ನು ಮಲಗಿಸಿದರೂ ಮಣ್ಣೊಳಗಿನ ಗೆಣಸು ಉಳಿಯುತ್ತದೆ. 1605ರಲ್ಲಿ ನೊಗುನಿ ಸೋಕನ್ ಎಂಬಾತ ಚೀನಾದಿಂದ ಗೆಣಸಿನ ಬಳ್ಳಿ ತಂದ. ಇಲ್ಲಿಂದ ಅದು ಜಪಾನಿಗೆಲ್ಲ ಹಬ್ಬಿ ಬರಗಾಲದಲ್ಲಿ ಜೀವ ಉಳಿಸಿತು. ಈಗ ನೇರಳೆ ಬಣ್ಣದ ಗೆಣಸಿನ ಸಿಹಿತಿಂಡಿ, ಐಸ್‌ಕ್ರೀಮ್ ಎಲ್ಲೆಲ್ಲೂ. ಕಬ್ಬಿನ ಹಾಲು ಕಾಯಿಸಿ ಮಾಡಿದ ಕಪ್ಪು ಬೆಲ್ಲವನ್ನು ಚಹಾದೊಂದಿಗೆ ಕಚ್ಚಿ ತಿನ್ನುತ್ತಾರೆ. ‘ಸಾತಾ ಅಂದಾಗಿ’ ಸಕ್ಕರೆ, ಮೊಟ್ಟೆ, ಹಿಟ್ಟು ಕಲಸಿ ಕರಿದ ಉಂಡೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ.

ಗಂಗೆಯ ಮುಂಗುಸಿ

ಉತ್ತರಕ್ಕೆ ಹೋದರೆ 2002ರಲ್ಲಿ ತೆರೆದ ಚುರೌಮಿ ಮತ್ಸ್ಯಾಲಯ. ಅದರ ದೊಡ್ಡ ತೊಟ್ಟಿಯಲ್ಲಿ 75 ಲಕ್ಷ ಲೀಟರ್ ನೀರು, ಅದರಲ್ಲಿ ತಿಮಿಂಗಿಲ ಶಾರ್ಕ್‌ಗಳ ಈಜು. ಅದರಾಚೆ ಯನ್‌ಬಾರು ಕಾಡು. ಹಾರಲಾರದ, ಕೆಂಪು ಕೊಕ್ಕಿನ ‘ಯನ್‌ಬಾರು ಕುಯಿನಾ’ ಹಕ್ಕಿ ಜಗತ್ತಿನಲ್ಲಿ ಇಲ್ಲಿ ಮಾತ್ರ ಇದೆ. 1910ರಲ್ಲಿ ಹಾಬು ಎಂಬ ವಿಷದ ಹಾವನ್ನು ಕೊಲ್ಲಲೆಂದು ಗಂಗಾ ನದಿಯ ಮುಖಜಭೂಮಿಯಿಂದ ಮುಂಗುಸಿಗಳನ್ನು ತಂದು ಬಿಟ್ಟರು. ಹಾವು ಓಡಾಡುವುದು ರಾತ್ರಿ, ಮುಂಗುಸಿ ಹಗಲು. ಎರಡೂ ಎದುರಾಗುವುದೇ ಅಪರೂಪ! ಹಸಿದ ಮುಂಗುಸಿ ಹಾರದ ಹಕ್ಕಿಗೆ ಬಾಯಿ ಹಾಕಿತು. ಈಗ ಬೇಲಿ, ಬೋನು ಇಟ್ಟು ಹಕ್ಕಿಯನ್ನು ಉಳಿಸಿಕೊಳ್ಳುತ್ತಿದ್ದಾರೆ.

ಊಟವೇ ಮದ್ದು

ಇಲ್ಲಿನ ಹಿರಿಯರು ಒಳ್ಳೆಯ ಊಟವನ್ನು ‘ನುಚಿ ಗುಸುಯಿ’ ಎನ್ನುತ್ತಾರೆ, ಅಂದರೆ ಜೀವದ ಮದ್ದು. ‘ಹೊಟ್ಟೆಯ ಹತ್ತು ಪಾಲಿನಲ್ಲಿ ಎಂಟು ತುಂಬಿದರೆ ಸಾಕು’ ಎಂಬುದು ಅವರ ನಿಯಮ. ಗೆಣಸು, ಸೊಪ್ಪು, ತೋಫು ತಿಂದು ನೂರು ವರ್ಷ ದಾಟಿದವರಿಂದಲೇ ಒಕಿನಾವಾ ಲೋಕಪ್ರಸಿದ್ಧವಾಯಿತು.

ಮುಂದಿನ ಪೀಳಿಗೆಯ ಕಥೆ ಬೇರೆ. ಸೇನಾನೆಲೆಗಳ ಜೊತೆ ಡಬ್ಬಿಯ ಮಾಂಸ, ಬರ್ಗರ್ ಬಂದವು. ಜಪಾನಿನ ಮುಖ್ಯ ದ್ವೀಪಗಳಿಗಿಂತ ಮೊದಲೇ, 1963ರಲ್ಲೇ, ಇಲ್ಲಿ ಅಮೆರಿಕದ ಬರ್ಗರ್ ಅಂಗಡಿ ತೆರೆಯಿತು. ಕಾರು ಹೆಚ್ಚಿ ನಡಿಗೆ ಕಡಿಮೆಯಾಯಿತು. ಜಪಾನಿನ 47 ಪ್ರಾಂತ್ಯಗಳ ಗಂಡಸರ ಆಯುಸ್ಸಿನ ಪಟ್ಟಿಯಲ್ಲಿ 1995ರಲ್ಲಿ 4ನೇ ಸ್ಥಾನದಲ್ಲಿದ್ದ ಒಕಿನಾವಾ 2000ದಲ್ಲಿ 26ಕ್ಕೆ, 2020ರಲ್ಲಿ 43ಕ್ಕೆ ಇಳಿಯಿತು. ಹೆಂಗಸರು ಮೊದಲ ಸ್ಥಾನದಿಂದ 16ಕ್ಕೆ ಜಾರಿದರು. ಅಜ್ಜನ ತಟ್ಟೆಗೂ ಮೊಮ್ಮಗನ ತಟ್ಟೆಗೂ ಇರುವ ಅಂತರ ಈ ಅಂಕಿಗಳಲ್ಲಿ ಕಾಣುತ್ತದೆ. ನಮ್ಮ ಮನೆಗಳಿಗೂ ಇದು ದೂರದ ಮಾತಲ್ಲ.

ಹೋಗುವವರಿಗೆ

ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಪಲ್ಯ, ಸಾರುಗಳಲ್ಲೂ ಮೀನು ಅಥವಾ ಹಂದಿಮಾಂಸದ ರಸ ಇರಬಹುದು. ಕಡಲೆಕಾಯಿ ಹಾಲಿನ ‘ಜೀಮಾಮಿ ತೋಫು’ ಹುಡುಕಿ, ಮೇಲಿನ ರಸವನ್ನು ಬೇರೆ ಇಡಲು ಹೇಳಿ. ಹಸಿ ಗೆಣಸನ್ನು ದ್ವೀಪದಿಂದ ಹೊರಗೆ ಒಯ್ಯುವಂತಿಲ್ಲ. ಅದರ ಹುಳು ಇನ್ನೂ ಇಲ್ಲಿದೆ. ತಿಂಡಿ ಒಯ್ಯಬಹುದು. ಊಟಕ್ಕೆ ಕುಳಿತಾಗ ‘ಕುವಾಚೀ ಸಬಿರಾ’ ಎನ್ನಿ. ‘ಹಬ್ಬದೂಟ ಉಣ್ಣುತ್ತೇವೆ’ ಎಂದು ಅದರರ್ಥ. ಯುನೆಸ್ಕೊ ಅಳಿವಿನಂಚಿನ ಪಟ್ಟಿಗೆ ಸೇರಿಸಿರುವ ಒಕಿನಾವಾ ಭಾಷೆಯ ಮಾತದು. ಪರದೇಶದ ಮಗುವಿನ ಬಾಯಲ್ಲಿ ಅದನ್ನು ಕೇಳಿದರೆ ಬಡಿಸುವ ಅಜ್ಜಿಯ ಮುಖ ಅರಳದೆ ಇರದು.